ಮೂಸಿ ನೋಡಿದ ಬಾಯಿ

ಪಾಲಣ್ಣ ವಿಸ್ಕಿ ಪಾಕೀಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದಾಗ ಹನುಮಂತಮ್ಮ ಸತ್ತ ತಮ್ಮನ ಹಣೆಗೆ ಭಂಡಾರ ಹಚ್ಚುತ್ತಿದ್ದಳು. ಸೊಕ್ಕೆ ಊರಿನ ಮನೆಯ ಮುಂದೆ ತಮ್ಮ ಮೈಲಾರಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೈಕಾಲು ಒಣಗಿ ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ಹೊಸ ಪಂಚೆಯನ್ನು ಎತ್ತಿ ಹಿಡಿದಿತ್ತು.

"ನನ್ನ ಎದುರಿಗೆ ಒಂದಿನಾನೂ ಕುಡೀಲಿಲ್ಲ ಕಣ್ರೀ, ಕದ್ದು ಕುಡಿಯೋನು," ಎಂದ ಪಾಲಣ್ಣ. ಜಗಳೂರು ಸ್ಟ್ಯಾಂಡಿನಲ್ಲಿ ಮೈಲಾರಿಯ ಜೊತೆಗೆ ಆಟೊ ಓಡಿಸಿದವನು. "ಇವತ್ತಾದ್ರೂ ಜೊತೇಲಿ ಕುಡಿಯಾನ ಬಾರೋ."

ಅಳುತ್ತಿದ್ದವರೂ ನಕ್ಕರು. ಮೈಲಾರಿಯ ಹೆಂಡತಿ ಸಾಕಮ್ಮ ತಲೆಯೆತ್ತಿ ಗಂಡನ ಅಕ್ಕನನ್ನೇ ನೋಡಿದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಹನುಮಂತಮ್ಮನಿಗೆ.

*

ಕೆಲವು ವರ್ಷಗಳ ಹಿಂದೆ, ಅವಳ ಮಗಳು ಧನುಶ್ರೀಯ ಮದುವೆ. ಬೀಗರ ಸಾಲಿನಲ್ಲಿ ಊಟಕ್ಕೆ ಕೂತ ಮೈಲಾರಿಯ ಹೊಟ್ಟೆ ನೋಡಿ ಯಾರೋ ಮುಸಿಮುಸಿ ನಕ್ಕರು. ಹನುಮಂತಮ್ಮನ ಮೈ ಉರಿಯಿತು.

"ಎಲ್ಲಿ, ಬಾಯಿ ತೆಗಿ."

"ಕುಡಿದಿಲ್ಲಕ್ಕಾ. ಉಸಿರಾಡಾಕೆ ಆಗವಲ್ದು, ಹೊಟ್ಟೆ ತಾನೇ ಊದ್ತೈತೆ."

"ತೆಗಿ ಅಂದೆ!"

ಮದುಮಗಳ ಸೋದರಮಾವ ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದ. ಅವಳು ಬಗ್ಗಿ ಮೂಸಿದಳು. ಅನ್ನ ಸಾರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಷ್ಟು ಜನರ ಎದುರು ಸೋಲಲು ಮನಸ್ಸಾಗಲಿಲ್ಲ.

"ಏಲಕ್ಕಿ ಅಗಿದು ಬಂದಾನೆ ಕಳ್ಳ," ಎಂದುಬಿಟ್ಟಳು. ಮೈಲಾರಿ ಅರ್ಧ ಊಟಕ್ಕೇ ಎದ್ದುಹೋದ.

ಎರಡು ವರ್ಷದ ಮೇಲೆ ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ಇದು ಕುಡಿತದ್ದಲ್ಲಮ್ಮ. ಹೃದಯದ ಒಳಗೋಡೆ ಗಟ್ಟಿಯಾಗಿಬಿಟ್ಟಿದೆ. ಬಿಸಿಲ ನಾಡುಗಳಲ್ಲಿ ಅಪರೂಪಕ್ಕೆ ಬರೋ ಕಾಯಿಲೆ. ಹೊಟ್ಟೇಲಿ ತುಂಬಿರೋದು ನೀರು. ಮೊದಲೇ ಬರಬೇಕಿತ್ತು."

ಕುಡುಕ ಅಂತ ಬೈಯುತ್ತಾರೆಂದೇ ಅವನು ಆಸ್ಪತ್ರೆಗೆ ಹೆದರಿದ್ದ. ಅದು ಗೊತ್ತಾದ ಮೇಲೂ ಊರಿಗೆ ಬಂದ ಹನುಮಂತಮ್ಮ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

*

"ಪಾಲಣ್ಣಾ, ಬ್ಯಾಡ..." ಎಂದು ಹನುಮಂತಮ್ಮ ಅನ್ನುವಷ್ಟರಲ್ಲಿ ಅವನು ಪಾಕೀಟು ಹಿಂಡಿಯಾಗಿತ್ತು. ವಿಸ್ಕಿ ಮೈಲಾರಿಯ ತುಟಿ ದಾಟಿ ಗದ್ದಕ್ಕಿಳಿಯಿತು.

"ಅವನು ಕುಡೀತಿರಲಿಲ್ಲ!" ಹನುಮಂತಮ್ಮ ಕಿರುಚಿದಳು. "ಅವತ್ತು ನಾನೇ ಸುಳ್ಳು ಹೇಳಿದ್ದು. ನನ್ನ ನಾಲಿಗೆ ಬಿದ್ದುಹೋಗ!"

"ಬಿಡವ್ವಾ," ಹಿಂದಿನಿಂದ ಒಬ್ಬಳು ಸಮಾಧಾನ ಹೇಳಿ ಪಕ್ಕದವರತ್ತ ತಿರುಗಿದಳು. "ಅಕ್ಕ ಅಲ್ವಾ, ಸತ್ತೋನ ಮಾನ ಕಾಯಾಕೆ ಹಿಂಗೆ ಹೇಳ್ತಾಳೆ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಹನುಮಂತಮ್ಮ ಮಂಡಿಯೂರಿ, ಸೆರಗಿನಿಂದ ತಮ್ಮನ ತುಟಿ ಒರೆಸಿ, ಬಗ್ಗಿ ಮೂಸಿದಳು. ಈಗ ವಾಸನೆ ಇತ್ತು. ಸೆರಗನ್ನು ತಂಬಿಗೆಯ ನೀರಿಗೆ ಅದ್ದಿ ಮತ್ತೆ ಒರೆಸಿದಳು, ಮತ್ತೆ ಮೂಸಿದಳು.