ಮೂರು ಹಳದಿ ಟೋಪಿ

ಮ್ಯೂಸಿಯಂ ಮೆಟ್ಟಿಲ ಮೇಲೆ ಮೂವರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆಗೂ ಒಂದೊಂದು ಹಳದಿ ಟೋಪಿ ತೊಡಿಸಿದೆ. ಎಂಟು ವರ್ಷದ ಮಗಳು, ಐದರ ಮಗ, ತಂಗಿಯ ಈಗಷ್ಟೇ ನಾಲ್ಕು ತುಂಬಿದ ಮಗ. ಎಷ್ಟು ಜನರ ನಡುವೆ ಇದ್ದರೂ ಕಣ್ಣಿಗೆ ಹೊಡೆಯಬೇಕೆಂದು ಹಿಂದಿನ ದಿನ ಮೂರು ಅಂಗಡಿ ತಿರುಗಿ ಆರಿಸಿದ್ದ ಬಣ್ಣ ಅದು.

"ಅಂತೂ ಮಕ್ಕಳಿಗೆಲ್ಲ ಟೋಪಿ ಹಾಕ್ಬಿಟ್ಟೆ," ಎಂದು ತಂಗಿ ನಕ್ಕಳು. ನಗು ಬೇಗ ಮುಗಿಯಿತು. "ನಾಲ್ಕು ಗಂಟೆಗೆ ಇಲ್ಲೇ ಬರ್ತೀನಿ. ಬೆಣ್ಣೆ, ದೊಡ್ಡಮ್ಮನ ಮಾತು ಕೇಳ್ಬೇಕು, ಆಯ್ತಾ?"

ಅವನನ್ನು ಬೆಣ್ಣೆ ಅನ್ನುವುದು ಗಲ್ಲಕ್ಕಾಗಿ ಅಲ್ಲ. ಹಿಡಿದ ಕೈಯಿಂದ ಜಾರುತ್ತಾನೆ, ಅದಕ್ಕೆ.

ತಂಗಿ ನರ್ಸ್. ನಾಲ್ಕು ವರ್ಷ ಮನೆಯಲ್ಲಿದ್ದು ಸೋಮವಾರದಿಂದ ಮತ್ತೆ ವಾರ್ಡಿಗೆ ಹೋಗುವವಳಿದ್ದಳು. ಹಗಲು ಮಗು ಶಿಶುವಿಹಾರದಲ್ಲಿರಬೇಕೋ ನನ್ನ ಹತ್ತಿರವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ನಾನೇ ಬಾಯಿಬಿಟ್ಟು ಕೇಳಿದ್ದೆ. ಅವಳು, "ನಿನ್ನ ಪ್ರೀತಿ ಬಗ್ಗೆ ಅನುಮಾನ ಇಲ್ಲ ಅಕ್ಕ. ನಿನ್ನ ಹೆದರಿಕೆ ಬಗ್ಗೆ ಅಷ್ಟೆ. ಮಗು ಒಂದ್ಸಲ ಕೆಮ್ಮಿದ್ರೆ ನೀನು ಆಂಬುಲೆನ್ಸ್ ನಂಬರ್ ಹುಡುಕ್ತೀಯ. ಶನಿವಾರ ಒಂದು ದಿನ ಕರ್ಕೊಂಡು ಹೋಗು, ನೋಡೋಣ," ಅಂದಿದ್ದಳು. ಮನೆಯವರೆಲ್ಲ ನನ್ನ ಕೈಗೆ ಏನನ್ನೂ ಒಪ್ಪಿಸದೆ ಇರುವುದನ್ನು ಯಾವಾಗಲೋ ರೂಢಿ ಮಾಡಿಕೊಂಡಿದ್ದರು. ಪಾಪ, ಇವಳಿಗೆ ಯಾಕೆ ತಲೆಬಿಸಿ ಅಂತ. ಆ ಕರುಣೆ ನನಗೆ ಸಾಕಾಗಿತ್ತು.

ಒಳಗೆ ಹೋದ ಮೇಲೆ ನಾನು ನೋಡಿದ್ದು ಟೋಪಿಗಳನ್ನು. ಪ್ರತಿ ಕೋಣೆಯ ಬಾಗಿಲಲ್ಲಿ ಒಂದು, ಎರಡು, ಮೂರು ಅಂತ ಎಣಿಸಿಯೇ ಮುಂದಕ್ಕೆ. ಕಲ್ಲಿನ ಕೊಡಲಿಗಳ ಕೋಣೆಯಲ್ಲಿ ಮೂರು. ಮುರಿದ ಮೂಗಿನ ಪ್ರತಿಮೆಗಳ ಹತ್ತಿರ ಮೂರು. ಗಾಜಿನ ಪೆಟ್ಟಿಗೆಗೆ ಮಗ ಮೂಗು ಒತ್ತಿ ಉಸಿರಿನಿಂದ ಮಂಜು ಮಾಡಿದಾಗ ಕುರ್ಚಿಯಲ್ಲಿದ್ದ ಕಾವಲುಗಾರ ಕೂತಲ್ಲಿಂದಲೇ ಅಂದ, "ಪುಟ್ಟಾ, ಅದನ್ನ ಒರೆಸೋನು ನಾನೇ ಕಣೋ."

"ಅಮ್ಮ, ಈ ರಾಜಂಗೆ ಕೈ ಯಾಕಿಲ್ಲ?" ಎಂದು ಮಗ ಕೇಳಿದ.

"ಹಳೇದಾಗಿ ಮುರಿದುಹೋಗಿದೆ."

"ಎಲ್ಲಿ ಬಿತ್ತು? ಹುಡುಕ್ಲಿಲ್ವಾ?"

"ನಿನ್ನ ಥರದವರು ಮುಟ್ಟಿ ಮುಟ್ಟಿ ಹೋಯ್ತು," ಎಂದು ಮಗಳು ನಡುವೆ ಬಾಯಿ ಹಾಕಿದಳು. ಅವಳು ಪ್ರತಿ ಫಲಕವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಅದನ್ನು ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಗೆ ಚಿಲಕವಿದೆಯೇ, ಮೆಟ್ಟಿಲಿಗೆ ಹಿಡಿಕೆಯಿದೆಯೇ, ಹೊರಗೆ ಹೋಗುವ ದಾರಿ ಒಂದೋ ಎರಡೋ ಎಂದು ನೋಡುತ್ತಿದ್ದೆ. ಎರಡಿದ್ದವು.

ಆಮೇಲೆ ಹಳೆಯ ಕಾಲದ ಬೀದಿ ಸಿಕ್ಕಿತು. ಉದ್ದನೆಯ ಮಬ್ಬುಗತ್ತಲೆಯ ಕೋಣೆಯ ಎರಡೂ ಬದಿ ಅಂಗಡಿಗಳು, ಒಳಗೆ ಮನುಷ್ಯರಷ್ಟೇ ಎತ್ತರದ ಮೇಣದ ಗೊಂಬೆಗಳು. ಕಮ್ಮಾರ, ಕುಂಬಾರ, ಬಾಯಿ ತೆರೆದು ಕೂತ ರೋಗಿಯ ಹಲ್ಲು ಕೀಳುತ್ತಿರುವ ವೈದ್ಯ. ನಾವು ವೈದ್ಯನ ಮುಂದೆ ನಿಂತಿದ್ದಾಗ ಎದುರಿನಿಂದ ಶಾಲೆಯ ಮಕ್ಕಳ ಹಿಂಡು ನುಗ್ಗಿತು. ಹಿಂದೆ ಮುಂದೆ ಗದ್ದಲ, ಕಿರುಚಾಟ, ಯಾರದೋ ನೀರಿನ ಬಾಟಲಿ ನನ್ನ ಮೊಣಕಾಲಿಗೆ. ನಾನು ಕೈಚಾಚಿ, ಸಿಕ್ಕ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದು, ಮಗಳು ಮಗನನ್ನು ಮುಂದೆ ದೂಡಿಕೊಂಡು ಆಚೆ ಬಾಗಿಲು ದಾಟಿದೆ. ದಾಟಿ ಎಣಿಸಿದೆ. ಮೂರು.

ನಾಣ್ಯಗಳ ಕೋಣೆಯಲ್ಲೂ ಮೂರು. ಬಟ್ಟೆಗಳ ಕೋಣೆಯಲ್ಲೂ, ವಾದ್ಯಗಳ ಕೋಣೆಯಲ್ಲೂ ಮೂರು. ಕೈ ಜಾರಲಿಲ್ಲ. ಬೆಣ್ಣೆ ಇಷ್ಟು ಜಾಣನಾಗಿದ್ದಾನಲ್ಲ, ತಂಗಿಗೆ ಹೇಳಬೇಕು ಎಂದುಕೊಂಡೆ.

"ಅಮ್ಮ," ಎಂದಳು ಮಗಳು ಫಲಕದಿಂದ ತಲೆಯೆತ್ತಿ. "ಇದ್ಯಾರು?"

ಬಗ್ಗಿ ನೋಡಿದೆ. ಟೋಪಿಯ ಕೆಳಗೆ ಇದ್ದದ್ದು ನಾನು ಎಂದೂ ನೋಡಿರದ ಮುಖ. ಮುಂದಿನ ಎರಡು ಹಲ್ಲಿಲ್ಲದ ಹುಡುಗಿ.

"ಅವಳು ಆಗಿಂದ ನಮ್ ಜೊತೆನೇ ಇದಾಳಲ್ಲ," ಎಂದ ಮಗ, ಏನೂ ವಿಶೇಷವಿಲ್ಲ ಎಂಬಂತೆ.

"ನಿನ್ನ ಹೆಸರೇನು ಪುಟ್ಟಿ?"

"ಹೇಳಲ್ಲ. ಗೊತ್ತಿಲ್ದೋರ ಹತ್ರ ಮಾತಾಡ್ಬಾರ್ದು."

"ಮತ್ತೆ ನನ್ನ ಕೈ ಯಾಕೆ ಹಿಡ್ಕೊಂಡೆ?"

"ನಾನೆಲ್ಲಿ ಹಿಡ್ಕೊಂಡೆ? ನೀವೇ ಹಿಡ್ಕೊಂಡಿದ್ದು."

ನಿಜ. ಮೂರು ಕೋಣೆಯುದ್ದಕ್ಕೂ ನಾನು ಬೇರೆಯವರ ಮಗುವನ್ನು ಬಿಗಿಯಾಗಿ ಹಿಡಿದು ಕಾಪಾಡಿದ್ದೆ. ಮಗನನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಹುಡುಗಿಯ ಕೈ ಬಿಡದೆ, "ನನ್ನ ಚೀಲ ಹಿಡ್ಕೋ, ಬಿಡ್ಬೇಡ," ಎಂದು ಮಗಳಿಗೆ ಹೇಳಿ ಬಂದ ದಾರಿಯಲ್ಲೇ ಓಡಿದೆ.

ಮಬ್ಬು ಬೀದಿಯಲ್ಲಿ ಯಾರೂ ಇರಲಿಲ್ಲ. ಕಮ್ಮಾರನ ಕುಲುಮೆಯ ಹಿಂದೆ ನೋಡಿದೆ, ಕುಂಬಾರನ ತಿಗರಿಯ ಅಡಿಯಲ್ಲಿ ನೋಡಿದೆ. "ಬೆಣ್ಣೆ! ಬೆಣ್ಣೇ!" ಎಂದು ಕೂಗುತ್ತಿದ್ದ ನನ್ನನ್ನು ಎದುರಾದ ಮುದುಕರೊಬ್ಬರು ದಿಟ್ಟಿಸಿ ಪಕ್ಕಕ್ಕೆ ಸರಿದರು. ಎರಡು ದಾರಿ. ಒಂದು ನೇರ ರಸ್ತೆಗೆ.

ಆಗಲೇ ಫೋನ್ ಬಂತು. ತಂಗಿ.

"ಅಕ್ಕ, ಹೇಗಿದಾನೆ?"

"ಚೆನ್ನಾಗಿದಾನೆ."

"ಏನು ಮಾಡ್ತಿದಾನೆ?"

"ಗೊಂಬೆ ನೋಡ್ತಿದಾನೆ. ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ."

ಚೆನ್ನಾಗಿ ಕೇಳಿಸುತ್ತಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಪ್ರತಿಮೆಗಳ ಕೋಣೆಗೆ ಓಡಿ ವಿಷಯ ಹೇಳುವಷ್ಟರಲ್ಲಿ ಕಾವಲುಗಾರ ಕುರ್ಚಿಯಿಂದ ಎದ್ದಿದ್ದ. "ಗಾಬರಿ ಆಗ್ಬೇಡಿ ಅಮ್ಮ, ಸ್ಕೂಲಿನೋರು ಮೇಲೆ ಚಿತ್ರ ಬರೀತಿದಾರೆ. ಅಲ್ಲಿರ್ಬೇಕು. ಗೇಟಿಗೆ ನಾನು ಹೇಳ್ತೀನಿ, ಒಂದು ಇಲೀನೂ ಹೊರಗೆ ಹೋಗಲ್ಲ."

ಮೇಲಿನ ಹಜಾರದಲ್ಲಿ ಮಕ್ಕಳು ನೆಲದ ಮೇಲೆ ಕಾಗದ ಹರಡಿಕೊಂಡು ಬೋರಲು ಮಲಗಿದ್ದರು. ಎಲ್ಲರ ತಲೆಯ ಮೇಲೂ ಹಳದಿ ಟೋಪಿ. ಟೀಚರ್ ನನ್ನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು. "ಸಾಧ್ಯವೇ ಇಲ್ಲ ಮೇಡಂ. ಈಗ ತಾನೆ ಎಣಿಸ್ದೆ. ಇಪ್ಪತ್ತೆರಡೂ ಸರಿ ಇದೆ."

"ಮುಖ ನೋಡಿದ್ರಾ?" ಎಂದೆ.

ಅವರು ನನ್ನ ಕೈಯಲ್ಲಿದ್ದ ಹುಡುಗಿಯನ್ನು ನೋಡಿದರು. ಬಾಯಿಗೆ ಕೈ ಅಡ್ಡ ಹೋಯಿತು. ಒಂದು ಕ್ಷಣ ಅಕ್ಕತಂಗಿಯರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೆವು.

ಬೆಣ್ಣೆ ಮೂರನೆಯ ಸಾಲಿನಲ್ಲಿದ್ದ. ಯಾರದೋ ಕೆಂಪು ಬಣ್ಣದ ಕಡ್ಡಿ ಹಿಡಿದು, ನಾಲಿಗೆ ಹೊರಚಾಚಿ, ಮಡಕೆಯೊಂದನ್ನು ಬರೆಯುತ್ತಿದ್ದ. ಎತ್ತಿಕೊಂಡರೆ ಒದ್ದಾಡಿದ. "ಇರು ದೊಡ್ಡಮ್ಮ, ಮಡಕೆಗೆ ಹಿಡಿ ಬರೀಬೇಕು!" ಅವನ ಕೆನ್ನೆ ಬೆಚ್ಚಗಿತ್ತು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅತ್ತದ್ದು ನಾನು, ಅದೂ ಕಂಬದ ಕಡೆ ತಿರುಗಿಕೊಂಡು, ಬೇಗ.

ನಾಲ್ಕಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಹೊರಗಿನ ಬೆಂಚಿನ ಮೇಲೆ ಕೂತೆವು. ಬೆಣ್ಣೆಗೆ ತಾನು ಕಳೆದುಹೋಗಿದ್ದೇ ಗೊತ್ತಿಲ್ಲ. ಮಗ ಆಗಲೇ ಮರೆತಿದ್ದ. ಹೇಳದಿದ್ದರೆ ತಂಗಿಗೆ ತಿಳಿಯುವ ದಾರಿಯೇ ಇರಲಿಲ್ಲ, ಸೋಮವಾರ ಅವನು ನಮ್ಮ ಮನೆಯಲ್ಲಿರುತ್ತಿದ್ದ.

"ಹೇಳ್ತೀಯಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ನೀನು ಸುಮ್ನಿರು." ಎದ್ದು ಗೇಟಿನವರೆಗೆ ಹೋದೆ, ವಾಪಸ್ ಬಂದೆ, ಕೂತೆ, ಮತ್ತೆ ಎದ್ದೆ.

ತಂಗಿ ಹತ್ತು ನಿಮಿಷ ಮೊದಲೇ ಬಂದಳು. ಓಡಿ ಬಂದ ಮಗನನ್ನು ಅಪ್ಪಿ, "ಏನೇನು ನೋಡ್ದೆ?" ಎಂದಳು.

"ಹಲ್ಲು ಕೀಳೋ ಮಾಮ! ಆಮೇಲೆ ಟೀಚರ್ ನಂಗೆ ಪೇಪರ್ ಕೊಟ್ರು."

"ಯಾವ ಟೀಚರ್?"

ಹೇಳಿದೆ. ಕತ್ತಲ ಬೀದಿ, ಹುಡುಗಿ, ಮೂರು ಕೋಣೆ, ಇಪ್ಪತ್ತು ನಿಮಿಷ, ಎಲ್ಲ. ಅವಳು ಬೆಂಚಿನ ಮೇಲೆ ಕೂತಳು. ಮಗನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಅದು ಸರಿಯಾಗಿಯೇ ಇತ್ತು.

"ನಾನು ಫೋನ್ ಮಾಡ್ದಾಗ?"

"ಆಗ ಸಿಕ್ಕಿರ್ಲಿಲ್ಲ."

"ಗೊಂಬೆ ನೋಡ್ತಿದಾನೆ ಅಂದೆ."

"ಹೌದು."

"ಮಕ್ಕಳು ತಪ್ಪಿಸ್ಕೊಳ್ತಾರೆ ಅಕ್ಕ. ನನ್ನ ಕೈಯಿಂದ್ಲೂ ಎರಡು ಸಲ ತಪ್ಪಿಸ್ಕೊಂಡಿದಾನೆ, ನಿಂಗೆ ಹೇಳಿಲ್ಲ ಅಷ್ಟೆ. ಅದಕ್ಕೆ ನಂಗೆ ಸಿಟ್ಟಿಲ್ಲ. ಆದ್ರೆ ನಾನು ಇಡೀ ದಿನ ವಾರ್ಡಲ್ಲಿರ್ತೀನಿ. ಒಂದು ನಿಮಿಷ ಸಿಕ್ಕಾಗ ಫೋನ್ ಮಾಡ್ತೀನಿ. ನೀನು ಚೆನ್ನಾಗಿದಾನೆ ಅಂದ್ರೆ ಅದು ಹೆದರಿಕೆಯೋ ನಿಜಾನೋ ಅಂತ ನಾನು ಹೇಗೆ ತಿಳ್ಕೊಳ್ಳಲಿ? ಇದ್ದದ್ದನ್ನ ಇದ್ದ ಹಾಗೆ ಹೇಳ್ತೀಯಾ?"

ಹೇಳುತ್ತೇನೆ ಅನ್ನುವುದು ಬಾಯಿಯ ತುದಿಯಲ್ಲಿತ್ತು. ತಡೆದುಕೊಂಡೆ.

"ಗೊತ್ತಿಲ್ಲ ಕಣೇ," ಎಂದೆ. "ಇನ್ನೊಂದು ಸಲ ಹೀಗಾದ್ರೆ, ನಿನ್ನ ಧ್ವನಿ ಕೇಳ್ತಿದ್ದ ಹಾಗೇ ಮತ್ತೆ ಸುಳ್ಳೇ ಬರಬಹುದು."

ಅವಳು ಎದ್ದು ಮಗನನ್ನು ಎತ್ತಿಕೊಂಡಳು. "ಹಾಗಾದ್ರೆ ಈ ತಿಂಗಳು ಶಿಶುವಿಹಾರಕ್ಕೇ ಹೋಗ್ಲಿ," ಎಂದಳು. ನಾಲ್ಕು ಹೆಜ್ಜೆ ನಡೆದು ನಿಂತಳು. "ಅಲ್ಲಿ ಮೂರು ಗಂಟೆಗೆ ಬಿಡ್ತಾರೆ. ನಾನು ಬರೋದು ಆರಕ್ಕೆ. ನಡುವೆ ಕರ್ಕೊಂಡು ಬರೋಕೆ ಯಾರಾದ್ರೂ ಬೇಕು."

ಬೆಣ್ಣೆ ಅವಳ ಹೆಗಲ ಮೇಲಿಂದ ನನ್ನ ಕಡೆ ಕೈಯಾಡಿಸುತ್ತಿದ್ದ.

"ಎರಡೂವರೆಗೇ ಹೋಗಿ ನಿಂತಿರ್ತೀನಿ," ಎಂದೆ.

"ಅದು ನಂಗೆ ಗೊತ್ತು," ಎಂದಳು, ತಿರುಗಿ ನೋಡದೆ.