ಹುಲಿಗೆಪ್ಪ ಮಾಸ್ತರ ತಿಕ್ಕಿದ ಪಟ್ಟಿ

ಮಡಿವಾಳೆಪ್ಪನ ಕೈಗಡಿಯಾರ ಮದುವೆಯಲ್ಲಿ ಮಾವ ಕೊಟ್ಟಿದ್ದು. ಹದಿನೆಂಟು ವರ್ಷವಾದರೂ ಸರಿಯಾಗಿಯೇ ಓಡುತ್ತಿತ್ತು. ತೊಗಲಿನ ಪಟ್ಟಿ ಮಾತ್ರ ಬೆವರು ಕುಡಿದು, ಬಿಸಿಲಿಗೆ ಒಣಗಿ, ಬಣ್ಣಗೆಟ್ಟು ಬಿಳಿಚಿಕೊಂಡಿತ್ತು. ಇನ್ನು ಹನ್ನೆರಡು ದಿನಕ್ಕೆ ಮಗಳ ನಿಶ್ಚಯ, ನವಲಗುಂದದ ಬೀಗರ ಮನೆಯಲ್ಲಿ. ಪಟ್ಟಿ ಬದಲಿಸೋಣವೆಂದರೆ ಹೆಂಡತಿ ಸಾವಿತ್ರೆವ್ವ ತನ್ನ ಅಪ್ಪ ಕೊಟ್ಟ ವಸ್ತುವನ್ನು ಬಿಚ್ಚಗೊಡಲಿಲ್ಲ. ಹೊಸ ಕಾಲ್ಮರಿ ಚಪ್ಪಲಿಗೆ ಹಚ್ಚುವ ಹಾಗೆ ಅವನು ಪಟ್ಟಿಗೂ ಔಡಲೆಣ್ಣೆ ಸವರಿ ಎರಡು ದಿನ ಇಟ್ಟ. ಅದು ಅಲ್ಲಲ್ಲಿ ಕಪ್ಪಾಗಿ, ಜಿಗಿಜಿಗಿಯಾಗಿ, ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿತು.

ಆಗ ಅವನಿಗೆ ಹುಲಿಗೆಪ್ಪನ ನೆನಪಾಯಿತು. ಇಬ್ಬರೂ ಒಂದೇ ವರ್ಷ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕುಳಿತವರು. ಹುಲಿಗೆಪ್ಪ ಈಗ ಊರ ಶಾಲೆಯಲ್ಲಿ ಮಾಸ್ತರ. ಅವನ ಅಪ್ಪ, ಸತ್ತು ಏಳು ವರ್ಷ, ಒಂದು ಕಾಲಕ್ಕೆ ಊರಿಗೆಲ್ಲ ಕಾಲ್ಮರಿ ಹೊಲಿದು ಕೊಡುತ್ತಿದ್ದವನು. ಬೆಳಗ್ಗೆ ಶಾಲೆಯ ಗಂಟೆಗೆ ಮೊದಲು ಗೆಳೆಯರಿಬ್ಬರೂ ಬುಡನಸಾಬನ ಚಹಾದಂಗಡಿಯಲ್ಲಿ ಕೂಡುವುದು ವಾಡಿಕೆ. ಅಳ್ನಾವರದಿಂದ ಹೊಸದಾಗಿ ಬಂದಿದ್ದ ಗ್ರಾಮಸೇವಕ ಅಮೋಘಸಿದ್ದಪ್ಪನೂ ಅಲ್ಲಿಗೇ ಬರುತ್ತಿದ್ದ. ಮಾಸ್ತರ ಎಂದರೆ ಅವನಿಗೆ ಬಹಳ ಗೌರವ. ಅರ್ಜಿ ಬರೆಯುವುದಿದ್ದರೆ ಹುಲಿಗೆಪ್ಪನಿಗೆ ತೋರಿಸದೆ ಬರೆಯುತ್ತಿರಲಿಲ್ಲ.

ಆ ದಿನ ಮಡಿವಾಳೆಪ್ಪ ಗಡಿಯಾರವನ್ನು ಬಿಚ್ಚಿ ಎಲ್ಲರ ನಡುವೆ ಕೂರುವ ಬಾಕಿನ ಮೇಲೆ ಇಟ್ಟ. ಕೆಟ್ಟ ಮನಸ್ಸೇನೂ ಇರಲಿಲ್ಲ.

"ಹುಲಿಗೆಪ್ಪಾ, ಇದನ್ನ ಸ್ವಲ್ಪ ನೋಡೋ. ತೊಗಲಿನ ಕೆಲಸ ನಿಮ್ಮ ಕೈಯಾಗ ಹುಟ್ಟಿಂದ ಬಂದಿರತೈತಿ."

ಗ್ರಾಮಸೇವಕ ಒಮ್ಮೆ ಪಟ್ಟಿಯನ್ನೂ ಒಮ್ಮೆ ಮಾಸ್ತರನ ಕೈಗಳನ್ನೂ ನೋಡಿದ. ನಗುತ್ತ ಅಂದ: "ಈ ವಿದ್ಯಾನೂ ನಿಮ್ಮ ಕಡೆ ಐತಂತ ನಮಗ ಗೊತ್ತಿರಲಿಲ್ಲಲ್ರಿ ಮಾಸ್ತರ."

ಉಳಿದವರೂ ನಕ್ಕರು. ಹುಲಿಗೆಪ್ಪ ಗಡಿಯಾರವನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅರ್ಧ ಚಹಾ ಬಿಟ್ಟು ಎದ್ದುಹೋದ.

ಮರುದಿನ ಅವನು ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಡಿವಾಳೆಪ್ಪನಿಗೆ ಹೊಲದಲ್ಲಿ ಎತ್ತು ಹೊಡೆಯುವಾಗಲೂ ತನ್ನ ಮಾತೇ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಹುಟ್ಟಿಂದ ಬಂದಿರತೈತಿ. ಬೆಳಗ್ಗೆ ಲಿಂಗಪೂಜೆಗೆ ಕುಳಿತರೆ ವಿಭೂತಿ ಹಚ್ಚಿಕೊಂಡ ಕೈ ಹಾಗೆಯೇ ನಿಂತುಬಿಡುತ್ತಿತ್ತು.

ಎಂಟನೆಯ ದಿನ ಸಂಜೆ ಹುಲಿಗೆಪ್ಪನ ಕೇರಿಗೆ ನಡೆದ. ಇಷ್ಟು ವರ್ಷದ ಗೆಳೆತನದಲ್ಲಿ ಆ ಮನೆಯ ಕಟ್ಟೆಯನ್ನು ಒಮ್ಮೆಯೂ ಹತ್ತಿರಲಿಲ್ಲವೆಂಬುದು ಅವನಿಗೆ ಹೊಳೆದದ್ದು ಅದರ ಮುಂದೆ ನಿಂತಾಗಲೇ. ಮಾಸ್ತರ ಹೊರಗೆ ಹೋಗಿದ್ದ. ಅವನ ತಾಯಿ ತಾಯವ್ವ ಕಂಬಳಿ ಹಾಸಿ, ದೂರ ಕುಳಿತು, ತಾನಾಗಿಯೇ ಮಾತು ತೆಗೆದಳು. ಮಗ ಮುಲ್ಕಿ ಪಾಸಾದ ದಿನ ಅವಳ ಗಂಡ ಉಳಿ, ತೊಗಲು ಕೊಯ್ಯುವ ರಂಪಿಗೆ, ದಾರದುಂಡೆಯನ್ನೆಲ್ಲ ಬೇರೆ ಊರಿನ ನೆಂಟನಿಗೆ ಕೊಟ್ಟುಬಿಟ್ಟಿದ್ದನಂತೆ. ಹುಡುಗನ ಕೈಗೆ ಒಂದು ಚೂರು ತೊಗಲೂ ಸೋಕಬಾರದೆಂದು ಆಣೆ ಇಟ್ಟಿದ್ದನಂತೆ.

"ಮೊನ್ನೆ ಪಟ್ಟಿ ತಂದು ಮುಂದಿಟ್ಟು, ಇದನ್ನ ಹ್ಯಾಂಗ ಹದಾ ಮಾಡೂದಬೇ, ಅಂದ. ನೌಕರಿ ಹೋತೇನೋ ಅಂತ ನನಗ ಎದಿ ಒಡದಂಗಾತ್ರಿ ಯಪ್ಪಾ."

ಮೂರು ಸಂಜೆ ಅದನ್ನೇ ಹಿಡಿದು ಕುಳಿತಿದ್ದನಂತೆ. ಎಣ್ಣೆ ಹೀರಲೆಂದು ಶಾಲೆಯ ಸುಣ್ಣದ ಕಡ್ಡಿ ಪುಡಿ ಮಾಡಿ ಪಟ್ಟಿಯ ತುಂಬ ಉದುರಿಸಿ ಇಟ್ಟ. ಕೊಡವಿ, ಹಸಿ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿದ. ಆಮೇಲೆ ತಾಯಿ ಹೇಳಿದಂತೆ ಜೇನುಮೇಣವನ್ನು ಹೆಬ್ಬೆರಳಲ್ಲಿ ಮೆತ್ತಗೆ ಮಾಡಿ ತಿಕ್ಕಿ, ಹಳೆಯ ಧೋತರದ ತುಂಡಿನಿಂದ ಉಜ್ಜಿ ಉಜ್ಜಿ ಹೊಳಪು ತಂದ.

ಅಷ್ಟರಲ್ಲಿ ಹುಲಿಗೆಪ್ಪ ಬಂದ. ಒಳಗಿನಿಂದ ಗಡಿಯಾರ ತಂದು ಕೊಟ್ಟ. ಪಟ್ಟಿ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಮಡಿವಾಳೆಪ್ಪ ಅದನ್ನು ಕಟ್ಟಿಕೊಳ್ಳಲಾರದೆ ಮುಷ್ಟಿಯಲ್ಲಿ ಹಿಡಿದು ನಿಂತ.

"ಯಾಕ ಮಾಡಿದಿ? ನನ್ನ ಮಾರಿ ಮ್ಯಾಲ ಒಗದುಬಿಡಬೇಕಿತ್ತು."

"ನಿನ್ನ ಮಗಳ ನಿಶ್ಚಯ ಐತೆಲ್ಲ. ಅಕಿ ನನ್ನ ಕಡೆ ನಾಕನೇ ಇಯತ್ತೆ ಕಲ್ತಾಕಿ."

"ನಾಕ ಮಂದಿ ಮುಂದ ಅಂದೇನಿ. ನಾಳೆ ಅದೇ ನಾಕ ಮಂದಿ ಮುಂದ ತಪ್ಪಾತು ಅಂತೀನಿ."

"ಬ್ಯಾಡ," ಎಂದ ಹುಲಿಗೆಪ್ಪ. ಸಿಟ್ಟಿರಲಿಲ್ಲ, ದಣಿವಿತ್ತು. "ಒಮ್ಮೆ ಕೇಳ್ಯಾರ. ಮರೀತಾರ ಅಂತ ನಾ ದಿನಾ ಎಣಿಸಾಕತ್ತೇನಿ. ನೀ ತಪ್ಪಾತು ಅಂದ್ರ ಅವರು ಇನ್ನೊಮ್ಮೆ ಕೇಳಿದಂಗ ಆಗತೈತಿ."

ಮಡಿವಾಳೆಪ್ಪ ನಾಳೆಯಾದರೂ ಚಹಾಕ್ಕೆ ಬಾ ಎಂದಷ್ಟೇ ಕೇಳಿಕೊಂಡು ಬಂದ.

ಹುಲಿಗೆಪ್ಪ ಬಂದ. ಮೂಲೆಯಲ್ಲಿ ಕುಳಿತ. ಗ್ರಾಮಸೇವಕ ಮಡಿವಾಳೆಪ್ಪನ ಮಣಿಕಟ್ಟು ಹಿಡಿದು ಎತ್ತಿ ತೋರಿಸಿದ. ಪಟ್ಟಿ ಅಗದಿ ಕನ್ನಡಿಯಾಗಿದೆ, ಮಾಸ್ತರರ ಕೈ ಅಂದರೆ ಕೈ ಎಂದ. ಇನ್ನೇನು ನಗೆ ಏಳಬೇಕು.

"ಮಾಸ್ತರಗ ಇದು ಎಲ್ಲಿ ಬರಬೇಕ್ರಿ," ಎಂದ ಮಡಿವಾಳೆಪ್ಪ. "ನನಗ ಗೊತ್ತಿಲ್ಲ ಅಂತ ಹಾಂಗ ತಿರುಗಿ ಕೊಟ್ಟ. ನಾನ ಮನ್ಯಾಗ ಕುಂತು ತಿಕ್ಕೇನಿ."

ನಗೆ ಅವನ ಮೇಲೆ ಬಿತ್ತು. ಬುಡನಸಾಬ ತನ್ನ ಚಪ್ಪಲಿ ಬಿಚ್ಚಿ ಮುಂದೆ ನೂಕಿ, ಇದನ್ನೂ ತಿಕ್ಕಿಕೊಡ್ರಿ ಗೌಡ್ರ ಎಂದ. ಮಡಿವಾಳೆಪ್ಪ ಕೊಡು ಎಂದು ಕೈ ಚಾಚಿದ. ಎಲ್ಲರೂ ಇನ್ನಷ್ಟು ನಕ್ಕರು. ಚಹಾ ಆರುವ ಮೊದಲೇ ಮಾತು ಹತ್ತಿಯ ಬೀಜಕ್ಕೆ ಹೊರಳಿತು. ಮಡಿವಾಳೆಪ್ಪನ ಮೇಲೆ ಬಿದ್ದ ನಗೆ ಅಂಗಿಯ ಮೇಲಿನ ಹೊಟ್ಟಿನಂತೆ ಕೊಡವದೆಯೇ ಉದುರಿತ್ತು. ಹುಲಿಗೆಪ್ಪನ ಮೇಲೆ ಬಿದ್ದದ್ದು ಎಂಟು ದಿನವಾದರೂ ಉದುರಿರಲಿಲ್ಲ.

ಅವನು ಮೂಲೆಯ ಕಡೆ ನೋಡಿದ. ಹುಲಿಗೆಪ್ಪ ಅವನ ಮುಖ ನೋಡುತ್ತಿರಲಿಲ್ಲ. ಪಟ್ಟಿಯನ್ನು ನೋಡುತ್ತಿದ್ದ, ಮೂರು ಸಂಜೆ ಕುಳಿತು ತಾನೇ ಹೊಳಪು ತಂದದ್ದನ್ನು.

ಮಡಿವಾಳೆಪ್ಪ ಪಟ್ಟಿ ಮುಚ್ಚುವಂತೆ ಅಂಗಿಯ ತೋಳನ್ನು ಮುಂದಕ್ಕೆ ಎಳೆದುಕೊಂಡ.