ಕೂದಲೆಳೆಯಷ್ಟು ವ್ಯತ್ಯಾಸ

ನಮ್ಮ ಅಳತೆಯ ಕೋಣೆ ನೆಲದಡಿಯಲ್ಲಿದೆ. ಕೋಣೆ ಅನ್ನುವುದಕ್ಕಿಂತ ಉದ್ದನೆಯ ಓಣಿ ಅನ್ನಬೇಕು. ಈ ತುದಿಯಲ್ಲಿ ಲೇಸರ್ ಯಂತ್ರ ಮತ್ತು ನಾನು. ಕನ್ನಡಿ ಹೊತ್ತ ಪುಟ್ಟ ಗಾಡಿಯನ್ನು ಹಳಿಯ ಮೇಲೆ ಆ ತುದಿಗೆ ತಳ್ಳಿಕೊಂಡು ಹೋಗುವವರು ಗಾಡಿಯಣ್ಣ. ಅವರ ನಿಜವಾದ ಹೆಸರು ಆಫೀಸಿನಲ್ಲಿ ಎಲ್ಲರಿಗೂ ಮರೆತೇಹೋಗಿದೆ.

ಕನ್ನಡಿ ಸರಿದಂತೆ ಯಂತ್ರ ಬೆಳಕಿನ ಅಲೆಗಳನ್ನು ಒಂದೊಂದಾಗಿ ಎಣಿಸುತ್ತದೆ. ನಡುವೆ ಯಾರಾದರೂ ಕೈ ಅಡ್ಡ ತಂದರೆ ಎಣಿಕೆ ಮಣ್ಣುಪಾಲು, ಮತ್ತೆ ಮೊದಲಿಂದ ಶುರು. ಹಾಗಾಗಿ ಗಾಡಿಯಣ್ಣ ಮಗು ಮಲಗಿರುವ ತೊಟ್ಟಿಲು ಸರಿಸುವ ಹಾಗೆ ತಳ್ಳುತ್ತಾರೆ. ತುದಿ ಮುಟ್ಟಿದ ಮೇಲೆ, ಗಾಳಿ ಒಂದು ಹದಕ್ಕೆ ಬರುವವರೆಗೆ, ಗೋಡೆಯ ಫೋನಿನಲ್ಲಿ ನಮ್ಮ ಹರಟೆ. ಅವರ ಹೆಂಡತಿಯ ಮಂಡಿನೋವು, ಅಳಿಯನ ಗೊರಕೆ, ಮೇಲಧಿಕಾರಿಯ ವಿಗ್ಗು, ಎಲ್ಲ ನನಗೆ ಬಾಯಿಪಾಠ. ಮನೆಯಲ್ಲಿ ನನ್ನ ಎದುರು ಬಾಯಿ ಬಿಡುವುದು ಕುಕ್ಕರ್ ಒಂದೇ. ತಂಗಿ ಫೋನ್ ಮಾಡುತ್ತಾಳೆ, ಆದರೆ ಅರ್ಧ ಮಾತು ಮಕ್ಕಳನ್ನು ಗದರುವುದರಲ್ಲೇ ಮುಗಿಯುತ್ತದೆ.

ಈಗ ಹೊಸ ಯಂತ್ರ ಬಂದಿದೆ. ಅದಕ್ಕೆ ಎಣಿಕೆಯ ಗೊಡವೆಯೇ ಇಲ್ಲ. ಹಲವು ಬಣ್ಣದ ಬೆಳಕನ್ನು ಒಟ್ಟಿಗೆ ಬಿಟ್ಟು, ಕನ್ನಡಿ ಎಲ್ಲೇ ಇರಲಿ, ಇಷ್ಟು ದೂರ ಎಂದು ಒಂದೇ ಏಟಿಗೆ ಹೇಳಿಬಿಡುತ್ತದೆ. ಕನ್ನಡಿಗಳನ್ನು ಅಲ್ಲಲ್ಲಿ ಕೂರಿಸಿಬಿಟ್ಟರೆ ತಳ್ಳುವವರು ಬೇಕಿಲ್ಲ. ಹಳೆಯ ಯಂತ್ರದ ಜೊತೆ ಇದರ ಅಳತೆ ತಾಳೆಯಾದರೆ ಗಾಡಿಯಣ್ಣನಿಗೆ ದೂರದ ಶಾಖೆಗೆ ವರ್ಗ. ಆಗದಿದ್ದರೆ ಯಂತ್ರ ವಾಪಸ್. ಪರೀಕ್ಷೆ ನನ್ನ ತಲೆಗೆ ಬಿತ್ತು.

ಆ ದಿನ ಅವರು ಎಂದಿಗಿಂತ ನಯವಾಗಿ ತಳ್ಳಿದರು. ಕಾಯುವಾಗ ಫೋನಿನಲ್ಲಿ ಲೋಕದ ಸುದ್ದಿಯೆಲ್ಲ ಮಾತಾಡಿದೆವು, ವರ್ಗದ ವಿಷಯ ಒಂದು ಬಿಟ್ಟು. ಆಮೇಲೆ ಎರಡೂ ಅಂಕಿ ನೋಡಿದೆ. ಕೂದಲೆಳೆಯಷ್ಟು ವ್ಯತ್ಯಾಸ. ನಮ್ಮ ಕೆಲಸದಲ್ಲಿ ಅದು ಆನೆಯಷ್ಟು.

ಕಾರಣ ತಕ್ಷಣ ಹೊಳೆಯಿತು. ಗಾಳಿಯ ಬಿಸಿಗೆ ತಕ್ಕಂತೆ ದೂರದ ಲೆಕ್ಕ ತಿದ್ದಿಕೊಳ್ಳಲು ಹೊಸ ಯಂತ್ರಕ್ಕಿರುವ ಉಷ್ಣಮಾಪಕ ಫೋನಿನ ಪಕ್ಕದಲ್ಲೇ ಇದೆ. ನನ್ನ ಮೈಬಿಸಿ, ಉಸಿರು ತಾಕಿ, ಇಡೀ ಓಣಿಯೇ ಬೆಚ್ಚಗಿದೆ ಎಂದುಕೊಂಡು ಅದು ಲೆಕ್ಕ ತಪ್ಪಿತ್ತು. ತಪ್ಪು ಯಂತ್ರದ್ದಲ್ಲ, ನಮ್ಮ ಹರಟೆಯದು. ನಾನು ಅದನ್ನು ಹೇಳಲಿಲ್ಲ. ದೇವರಾಣೆ, ನನಗೆ ಸಂತೋಷವಾಗಿತ್ತು. ಫೋನಿನಲ್ಲಿ ವ್ಯತ್ಯಾಸವನ್ನಷ್ಟೇ ಓದಿದೆ.



"ಮೇಡಂ, ಇಷ್ಟೊತ್ತೂ ಫೋನ್ ಹತ್ರಾನೇ ನಿಂತಿದ್ರಲ್ವಾ?" ಅಂದರು ಗಾಡಿಯಣ್ಣ.

"ಹೂಂ."

"ಫೋನ್ ಇಟ್ಟು ಆಚೆ ಹೋಗಿ. ಆ ಉಷ್ಣಮಾಪಕ ತಣ್ಣಗಾಗ್ಲಿ. ಆಮೇಲೆ ನೋಡೋಣ."

ಹೋದೆ. ಬಾಗಿಲಾಚೆ ಅಂಕಿ ತೋರಿಸುವ ಪರದೆಯ ಮುಂದೆ ಕೈಕಟ್ಟಿ ನಿಂತು, ಅವರ ಮೇಲೆ ಹಲ್ಲು ಕಡಿದೆ. ಸ್ವಂತ ಕಾಲಿನ ಮೇಲೆ ಕಲ್ಲು ಹಾಕಿಕೊಳ್ಳುವ ಇಂಥ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ. ಎರಡೂ ಅಂಕಿ ಮೆಲ್ಲಗೆ ಹತ್ತಿರ ಬಂದು ತಾಳೆಯಾದವು.

ಅವರು ಗಾಡಿ ತಳ್ಳಿಕೊಂಡು ವಾಪಸ್ ಬಂದರು, ಅವಸರವಿಲ್ಲದೆ. ಎಂದಿನಂತೆ ಹಳಿಯ ಧೂಳನ್ನೂ ಒರೆಸಿದರು.

"ನೀವು ಸುಮ್ನಿರಬಹುದಿತ್ತು" ಅಂದೆ.

"ಸುಮ್ನಿದ್ದಿದ್ರೆ, ದಿನಾ ನಿಮ್ಮ ಮುಖ ಹೇಗೆ ನೋಡ್ಲಿ?"

"ಇನ್ಮೇಲೆ ಹೇಗೂ ನೋಡೋ ಹಾಗಿಲ್ವಲ್ಲ."